ಹಸಿರು ಉಣ್ಣೆಯ ಸೀಟು

ರಾಜೇಸಾಬರು ಹಳೆಯ ಸೀಟಿನ ಹೊಲಿಗೆಯನ್ನು ಬ್ಲೇಡಿನಿಂದ ಬಿಚ್ಚುತ್ತ ಹೋದರು. ಮೇಲೆ ಕಂದು ಬಟ್ಟೆ, ಅದರ ಕೆಳಗೆ ಕಪ್ಪು ರೆಕ್ಸಿನ್, ಕಟ್ಟಕಡೆಗೆ ಕೆಂಪು. ಹಸಿರು ಎಲ್ಲಿಯೂ ಇರಲಿಲ್ಲ.

“ಕಂಪನಿಯಿಂದ ಬಂದದ್ದ ಕೆಂಪರಿ ಬಾಯಾರ,” ಎಂದು ಅವರು ಒಂದು ಚೂರನ್ನು ನನ್ನ ಕೈಗಿತ್ತರು.

ಅದು ಸವಣೂರಿನ ನಮ್ಮ ಅಜ್ಜನ ಫಿಯಟ್ ಕಾರು. ವಕೀಲಿ ಮಾಡುತ್ತಿದ್ದ ಅಜ್ಜ ಕೊಂಡದ್ದು, ನಾನು ಹುಟ್ಟುವ ಮೊದಲೇ ಕೆಟ್ಟು ನಿಂತದ್ದು. ಎರಡು ವರ್ಷದ ಹಿಂದೆ ಅಜ್ಜಿ ತೀರಿಕೊಂಡ ಮೇಲೆ ಪಾಲು ಹಂಚುವಾಗ ಯಾರಿಗೂ ಬೇಡವಾಗಿದ್ದ ಅದನ್ನು ನಾನು ಕೇಳಿ ಪಡೆದು, ಎಂಜಿನ್ ರಿಪೇರಿ ಮಾಡಿಸಿದೆ. ಶಿಗ್ಗಾಂವಿಯ ಕಾಲೇಜಿನಲ್ಲಿ ಪಾಠ ಹೇಳುತ್ತ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇರುವ ನನಗೆ ಕಾರಿನ ಗರಜು ಇರಲಿಲ್ಲ. ಅಜ್ಜಿ ಕೂತ ಜಾಗದಲ್ಲಿ ಒಮ್ಮೆ ಕೂರಬೇಕಿತ್ತು. ನನ್ನನ್ನು ಬೆಳೆಸಿದವಳು ಅವಳು. ಅವಳದೆಂದು ನನಗೆ ಉಳಿದದ್ದು ಕತೆಗಳಷ್ಟೇ, ಕತೆಗಳಿಗೆ ಕೂರಲು ಜಾಗವಿರುವುದಿಲ್ಲವಲ್ಲ.

ಅವಳ ಕತೆಗಳಲ್ಲಿ ಆ ಕಾರು ಎಲ್ಲೆಲ್ಲೋ ಹೋಗುತ್ತಿತ್ತು. ಹಿರೇಕೆರೂರಿನ ಸಂತೆಯಲ್ಲಿ ಹತ್ತಿಯ ದಲಾಲನೊಬ್ಬ ಅದರ ಬಾಗಿಲಲ್ಲಿ ಮುಖ ನೋಡಿಕೊಂಡು ಮೀಸೆ ತಿದ್ದಿದ್ದ. ಹಾನಗಲ್ಲಿನ ಆನೆಕೆರೆಯ ಏರಿಯ ಮೇಲೆ ಏಳು ನವಿಲುಗಳು ದಾಟುವವರೆಗೆ ಅದು ತಾನೇ ತಾನಾಗಿ ನಿಂತಿತ್ತು. “ಒಳಗ ಕೂತರ ಎಳೀ ಜ್ವಾಳದ ಹೊಲದಾಗ ಕೂತಂಗ ಆಗತಿತ್ತು,” ಅನ್ನುತ್ತಿದ್ದಳು, “ಅಷ್ಟು ಹಸಿರು.”

ಆ ಮಾತನ್ನು ನಂಬಿ ನಾನು ಹಸಿರು ರೆಕ್ಸಿನ್ ತರಿಸಿಟ್ಟಿದ್ದೆ. ಹುಲಗೂರಿನಲ್ಲಿ ಟ್ರ್ಯಾಕ್ಟರಿನ ಸೀಟು ಹೊಲಿಯುವ ರಾಜೇಸಾಬರು ಅದನ್ನು ನೋಡಿ, ಇಷ್ಟು ಹಸಿರು ಹಾಕಿದರೆ ಊರ ಮಂದಿ ದರ್ಗಾದ ಉರುಸಿನ ಗಾಡಿ ಅಂತ ಹಿಂದೆ ಬಿದ್ದಾರು ಎಂದು ನಕ್ಕಿದ್ದರು. ಈಗ ಅವರು ನಗಲಿಲ್ಲ. ಸೀಟಿನ ಬಣ್ಣ ಬದಲಿಸಿದರೆ ಅಷ್ಟಕ್ಕೇ ಮುಗಿಯುವುದಿಲ್ಲ ಎಂದು ಒಂದೊಂದನ್ನೇ ಮುಟ್ಟಿ ತೋರಿಸಿದರು. ಬಾಗಿಲ ಒಳಗಿನ ತಗಡು, ಗಾಜಿನ ಸುತ್ತಲಿನ ಪಟ್ಟಿ, ಸ್ಟೇರಿಂಗಿನ ಕಂಬ, ಎಲ್ಲವೂ ಕೆಂಪು. ಅವಕ್ಕೂ ಹಸಿರು ಬಳಿಯದಿದ್ದರೆ ಬಾಗಿಲು ತೆರೆದಾಗಲೆಲ್ಲ ಹಳೆಯ ಕೆಂಪು ಇಣುಕುತ್ತದೆ. ಪೇಂಟರ್ ಸೋಮವಾರ ಬರುತ್ತಾನೆ, ಅಷ್ಟರೊಳಗೆ ಒಂದು ಮಾತು ಹೇಳಿಬಿಡಿ ಅಂದರು.

ಅಜ್ಜಿಗೆ ಬಣ್ಣ ಮರೆತಿತ್ತೇ? ಒಂದು ಮರೆತವಳು ಮಿಕ್ಕದ್ದನ್ನೂ ಮರೆತಿರಬಹುದಲ್ಲ ಅನ್ನಿಸಿತು. ಕೋಣೆಗೆ ಬಂದು ಶಾಮಲಾ ಅತ್ಯಾಗೆ ಫೋನ್ ಮಾಡಿದೆ. ಅಪ್ಪನ ಅಕ್ಕ, ಆ ಕಾರಿನಲ್ಲಿ ಓಡಾಡಿದವರ ಪೈಕಿ ಉಳಿದಿರುವುದು ಅವಳೊಬ್ಬಳೇ.

ಕೆಂಪಂತ ಯಾರಿಗೆ ಗೊತ್ತಿಲ್ಲ, ನಮ್ಮವ್ವಗೂ ಗೊತ್ತಿತ್ತು ಅಂದಳು ಅತ್ಯಾ. ಹಾಗಾದರೆ ಹಸಿರು ಎಂದು ಯಾಕೆ ಹೇಳುತ್ತಿದ್ದಳು ಎಂದು ಕೇಳಿದೆ.

“ಅಕಿ ಎಲ್ಲೆ ಕೂತಿದ್ಲ ವೇದಾ ಅದರಾಗ?”

ಅತ್ಯಾನೇ ಮುಂದುವರಿಸಿದಳು.

“ಆ ಸೀಟು ತೊಗಲಿಂದು ಅಂತ ತಿಳಕೊಂಡಿದ್ಲು. ಮಡೀಲೆ ಅಡಿಗಿ ಮಾಡಾಕಿ ತೊಗಲಿನ ಮ್ಯಾಲೆ ಹೆಂಗ ಕೂಡಬೇಕು? ನಾವೆಲ್ಲಾ ಹೋಗತಿದ್ವಿ, ಅಕಿ ಬಾಗಲದಾಗ ನಿಂತು ಕೈ ಬೀಸತಿದ್ಲು.”

“ಅದು ರೆಕ್ಸಿನ್, ತೊಗಲಲ್ಲ ಅಂತ ಯಾರೂ ಹೇಳಲಿಲ್ಲೇನು?”

ಶಾಲೆಯಲ್ಲಿ ಯಾರೋ ಹೇಳಿ ತನಗೆ ಆಗಲೇ ಗೊತ್ತಾಗಿತ್ತು ಅಂದಳು ಅತ್ಯಾ.

“ಅಕಿ ಬಂದ್ರ ನನಗ ಕಿಡಕಿ ಸಿಗತಿದ್ದಿಲ್ಲ, ಅದಕ್ಕ ಹೇಳಲಿಲ್ಲ,” ಅಂದಳು. “ಒಂಬತ್ತು ವರ್ಷದಾಕಿ ಇದ್ದೆ ನಾ. ಮುಂದ ಹೇಳೋಣಂದ್ರ, ಇಷ್ಟು ದಿನಾ ಯಾಕ ಹೇಳಲಿಲ್ಲ ಅಂತ ಕೇಳಿದ್ರ?”

ಕಾರಿನಲ್ಲಿ ಪರವೂರಿಗೆ ಹೋಗಿ ಬಂದ ದಿನ ಅಜ್ಜಿ ಅವಳನ್ನು ಹತ್ತಿರ ಕೂರಿಸಿಕೊಂಡು ದಾರಿಯಲ್ಲಿ ಏನೇನು ಕಂಡಿತು ಎಂದು ಬಿಡದೆ ಕೇಳುತ್ತಿದ್ದಳಂತೆ.

ಆ ಭಾನುವಾರವಿಡೀ ನಾನು ಕೋಣೆಯ ಕಿಟಕಿಯ ಬಳಿ ಕೂತಿದ್ದೆ. ಕೆಳಗೆ ಮೆಕ್ಕೆಜೋಳದ ಲಾರಿಗಳು ಹೋಗುತ್ತಿದ್ದವು. ನನ್ನ ಪಾಲಿಗೆ ಅಜ್ಜಿಯ ನವಿಲುಗಳು ಹೋದವು, ದಲಾಲನ ಮೀಸೆ ಹೋಯಿತು. ಅದಕ್ಕಿಂತ ಹೆಚ್ಚಾಗಿ, ನಾನು ಕೂರಬೇಕೆಂದಿದ್ದ ಜಾಗವೇ ಹೋಯಿತು, ಅದು ಎಂದೂ ಇರಲೇ ಇಲ್ಲ. ಕೆಂಪನ್ನೇ ಹಾಕಿಸಿ ಯಾರಿಗಾದರೂ ಕೊಟ್ಟುಬಿಡೋಣ ಅಂದುಕೊಂಡೆ. ಆದರೆ ಸಂಜೆಯ ಹೊತ್ತಿಗೆ ಬೇರೆಯೇ ಒಂದು ತಿಳಿವು ಬಂತು. ಅಜ್ಜಿ ಬಣ್ಣ ಮರೆತಿರಲಿಲ್ಲ. ದಿನಾ ಕಣ್ಣೆದುರು ನಿಂತಿದ್ದ ಕೆಂಪು ಸೀಟಿನ ಗಾಡಿಯನ್ನು ಬಿಟ್ಟು, ತಾನು ಕೂರಬಹುದಾದ ಇನ್ನೊಂದನ್ನು ಮಾಡಿಕೊಂಡಿದ್ದಳು.

ಸೋಮವಾರ ಪೇಂಟರ್ ಬಂದಾಗ, ಕೆಂಪು ಇದ್ದಲ್ಲೆಲ್ಲ ಕೆಂಪೇ ಇರಲಿ ಅಂದೆ. ಮುಂದಿನ ಎಡ ಸೀಟು ಮಾತ್ರ ಹಸಿರು, ಅದೂ ರೆಕ್ಸಿನ್ ಬೇಡ, ಉಣ್ಣೆ. ರಾಜೇಸಾಬರು ಬ್ಲೇಡು ಕೆಳಗಿಟ್ಟು ನನ್ನನ್ನೇ ನೋಡಿದರು. ಉಣ್ಣೆ ಬೇಸಿಗೆಯಲ್ಲಿ ಸುಡುತ್ತದೆ, ಧೂಳು ಹಿಡಿಯುತ್ತದೆ, ನುಸಿ ತಿನ್ನುತ್ತದೆ ಅಂದರು. ನಮ್ಮ ಮನೆಯ ಹೆಂಗಸರು ಮಡಿಗೆ ಉಣ್ಣೆಯ ಧಾಬಳಿ ಉಡುತ್ತಿದ್ದರು, ಉಣ್ಣೆಗೆ ಮೈಲಿಗೆಯಿಲ್ಲ ಎಂದು ವಿವರಿಸಿದೆ.

“ಕೂಡಾವರು ಯಾರರಿ?”

“ನಮ್ಮಜ್ಜಿರಿ.”

ಎಲ್ಲಿರುತ್ತಾರೆ ಎಂದು ಅವರು ಕೇಳಲಿಲ್ಲ. ಟೇಪು ತೆಗೆದು ಸೀಟಿನ ಅಗಲ ಅಳೆದರು.

ಹಿರೇಕೆರೂರಿನ ಸಂತೆಯಲ್ಲಿ ಕಂಬಳಿ ಮಾರುವವರ ಹತ್ತಿರ ಕರಿಯದು, ಬೂದಿ ಬಣ್ಣದ್ದು ಬಿಟ್ಟರೆ ಬೇರೆ ಇರಲಿಲ್ಲ. ಕೊನೆಗೊಂದು ಬಿಳಿಯದು ಸಿಕ್ಕಿತು. ಸವಣೂರಿನಲ್ಲಿ ಸೀರೆಗೆ ಬಣ್ಣ ಹಾಕುವ ಶೀಲಾ ಅದನ್ನು ಎರಡು ಸಲ ಅದ್ದಿ ಒಣಗಿಸಿಕೊಟ್ಟಳು. ಬಣ್ಣ ಒಂದೇ ಸಮ ಹಿಡಿಯಲಿಲ್ಲ. ರಾಜೇಸಾಬರು ಕಪ್ಪಾದ ಭಾಗವನ್ನು ಕೆಳಗೆ ಮಡಚಿ, ತಿಳಿಯಾದದ್ದನ್ನು ಬೆನ್ನಿಗೆ ಬರುವಂತೆ ಹೊಲಿದರು.

ಕಾರು ಕೈಗೆ ಬಂದ ದಿನ ಬಂಕಾಪುರದ ದಾರಿ ಹಿಡಿದು ಹಾನಗಲ್ಲಿಗೆ ಒಬ್ಬಳೇ ಹೊರಟೆ. ಹತ್ತುವಾಗ ಯೋಚಿಸದೆ ಚೀಲವನ್ನು ಎಡ ಸೀಟಿನ ಮೇಲಿಟ್ಟವಳು, ತೆಗೆದು ಹಿಂದಕ್ಕೆ ಹಾಕಿದೆ. ದಾರಿಯುದ್ದಕ್ಕೂ ರೇಡಿಯೊ ಇರಲಿಲ್ಲ, ಮಾತೂ ಇರಲಿಲ್ಲ. ತಿರುವಿನಲ್ಲಿ ನಿಧಾನ ಮಾಡಿದೆ, ಪಕ್ಕದಲ್ಲಿ ವಯಸ್ಸಾದವರು ಕೂತಿದ್ದರೆ ಮಾಡುವ ಹಾಗೆ.

ಆನೆಕೆರೆಯ ಏರಿಯ ಬಳಿ ಕಾರು ನಿಲ್ಲಿಸಿ ಇಳಿದೆ. ಸುತ್ತು ಹಾಕಿ ಬಂದು ಎಡಗಡೆಯ ಬಾಗಿಲು ತೆರೆದು ಹಿಡಿದುಕೊಂಡು ನಿಂತೆ. ಎಮ್ಮೆ ಮೇಯಿಸುತ್ತಿದ್ದ ಮುದುಕರೊಬ್ಬರು ಹತ್ತಿರ ಬಂದು, ಒಳಗೆ ಬಗ್ಗಿ ನೋಡಿದರು.

“ಯಾರ ಇಳಿಯಾವರ ಅದಾರೇನವಾ?”

“ಯಾರೂ ಇಲ್ರಿ,” ಅಂದೆ.

ಅವರು ಎಮ್ಮೆಯ ಹಿಂದೆ ಹೋದರು. ಕೆರೆಯ ಗಾಳಿ ಒಳಗೆ ಹೋಗಲೆಂದು ಇನ್ನಷ್ಟು ಹೊತ್ತು ಬಾಗಿಲು ಹಿಡಿದು ನಿಂತಿದ್ದೆ.