ಟೇಪಿನ ತುದಿ

ಮೀಟರು ಅರವತ್ತು ಓಮ್ ತೋರಿಸಿತು. ಪುಟ್ಟಿ ಮೀಟರಿನ ಕಡ್ಡಿಗಳನ್ನು ತೆಗೆದು, ಬಟ್ಟೆಯಿಂದ ಒರೆಸಿ, ಮತ್ತೆ ಚುಚ್ಚಿದಳು. ಮತ್ತೆ ಅರವತ್ತು. ಅಂದರೆ ಕಾರಿನ ಈ ತುದಿಯಿಂದ ಆ ತುದಿಯವರೆಗೆ ತಂತಿ ಎಲ್ಲೂ ತುಂಡಾಗಿಲ್ಲ. ಲಾರಿ ಗುದ್ದಿದಾಗಲೇ ಕಿತ್ತುಹೋಗಿರಬೇಕು, ಅದನ್ನೇನು ನೋಡುತ್ತೀಯ ಎಂದು ಮಾವ ಬೆಳಗ್ಗೆಯೇ ತೀರ್ಪು ಕೊಟ್ಟುಬಿಟ್ಟಿದ್ದ. ಕಿತ್ತುಹೋಗಿರಲಿಲ್ಲ.

ಕಾರಿನ ಹಿಂಭಾಗ ಎಡಗಡೆ ಬಾಗಿಲಿನ ಗುರುತೇ ಸಿಗದಂತೆ ಒಳಗೆ ನಗ್ಗಿಹೋಗಿತ್ತು. ಮುಂಭಾಗಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಮೂರು ವಾರದಿಂದ ಅದು ಗ್ಯಾರೇಜಿನ ಕೊನೆಯ ಮೂಲೆಯಲ್ಲಿ, ಗಾಳಿ ತುಂಬುವ ಕಂಪ್ರೆಸರಿನ ಪಕ್ಕದಲ್ಲಿ ನಿಂತಿತ್ತು. ಆ ಕಂಪ್ರೆಸರಿಗೋ, ಪೈಪಿನಲ್ಲೆಲ್ಲೋ ಗಾಳಿ ಸೋರಿ, ಯಾರೂ ಮುಟ್ಟದಿದ್ದರೂ ಕಾಲು ಗಂಟೆಗೊಮ್ಮೆ ತಾನೇ ಚಾಲೂ ಆಗಿ ಕಿವಿ ಕಿತ್ತುಹೋಗುವ ಹಾಗೆ ಅರಚುವ ಚಾಳಿ. ಪೈಪು ಬದಲಾಯಿಸೋಣ ಎಂದು ಮಾವ ಹೇಳುತ್ತಾ ಬಂದು ಎರಡು ವರ್ಷವಾಯಿತು.

ಮಾವ ಎಂದರೆ ಅವಳ ತಾಯಿಯ ತಮ್ಮ, ಗ್ಯಾರೇಜಿನ ಯಜಮಾನ. ಅವಳಿಗೆ ಮೂವತ್ತೆಂಟು ವರ್ಷವಾದರೂ ಅವನ ಬಾಯಲ್ಲಿ ಇನ್ನೂ ಪುಟ್ಟಿ; ಕೆಲಸಗಾರರೆಲ್ಲ ಎದುರಿಗೆ ಮೇಡಂ ಎಂದರೂ ಹಿಂದಿನಿಂದ ಪುಟ್ಟಿ ಎಂದೇ ಕರೆಯುವುದು ಅವಳಿಗೂ ಗೊತ್ತಿತ್ತು. ಹೈಬ್ರಿಡ್ ಕಾರು ಬಂದರೆ ಮಾತ್ರ ಎಲ್ಲರೂ ಕೈ ಕಟ್ಟಿಕೊಂಡು ಅವಳನ್ನು ಹುಡುಕುತ್ತಿದ್ದರು. ಪೆಟ್ರೋಲಿನ ಇಂಜಿನ್ ಒಂದು, ಬ್ಯಾಟರಿಯ ಮೋಟರ್ ಒಂದು, ಅವೆರಡನ್ನೂ ಆಡಿಸಲು ಮಾಡ್ಯೂಲ್ ಎನ್ನುವ ಪುಟ್ಟ ಕಂಪ್ಯೂಟರುಗಳು ಹತ್ತಾರು. ಅವು ಒಂದರ ಜೊತೆ ಒಂದು ಮಾತಾಡುವುದು ಹೆಣೆದ ಎರಡೆಳೆ ತಂತಿಯ ಮೇಲೆ. ಆ ಮಾತು ನಿಂತರೆ ಕಾರು ಯಾವುದನ್ನೂ ನಂಬುವುದಿಲ್ಲ. ಮೋಟರಿನ ಕರೆಂಟು ಕಡಿದು, ಇದ್ದಲ್ಲೇ ನಿಂತುಬಿಡುತ್ತದೆ.

ಈ ಕಾರು ನಿಂತದ್ದು ದೊಡ್ಡ ರಸ್ತೆಯ ನಟ್ಟನಡುವೆ. ರಾತ್ರಿಯೆಲ್ಲ ಬಾಡಿಗೆ ಓಡಿಸಿದ ಡ್ರೈವರ್, ಮನೆಗೂ ಹೋಗದೆ ನೇರವಾಗಿ ಆಸ್ಪತ್ರೆಗೆ ಹೋಗಿ, ಕಣ್ಣಿನ ಆಪರೇಷನ್ ಆಗಿದ್ದ ಅತ್ತೆಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಬರುತ್ತಿದ್ದ. ರಸ್ತೆ ದಾಟುವಾಗ ಕಾರು ನಡುವೆ ನಿಂತಿತು, ಲಾರಿ ಬಂತು, ಅತ್ತೆ ಅಲ್ಲೇ ಹೋದಳು. ಕಾರು ಮಲಗಿದ ಹಾಗೆ ನಿಂತಿತ್ತು ಎಂದ ಲಾರಿಯವನು. ಇಪ್ಪತ್ತು ಗಂಟೆ ಕಣ್ಣು ಮುಚ್ಚದವನು ಇನ್ನೇನು ಮಾಡಿರುತ್ತಾನೆ ಎಂದರು ಪೊಲೀಸರು. ಮಗಳೂ ಹಾಗೇ ಎಂದಳು, ಅಂದರೆ ಡ್ರೈವರನ ಹೆಂಡತಿ. ತಾಯಿಯನ್ನು ಮಣ್ಣು ಮಾಡಿ ಬಂದ ದಿನದಿಂದ ಅವಳು ಗಂಡನ ಜೊತೆ ಒಂದು ಮಾತೂ ಆಡಿರಲಿಲ್ಲವಂತೆ.

ಸೋಮವಾರ ಸರಕಾರದ ಕಡೆಯಿಂದ ತಪಾಸಣೆಯವರು ಬರುವವರಿದ್ದರು. ಅವರು ಬರೆದುಕೊಡುವುದರ ಮೇಲೆ ಕೇಸು. ಅದಕ್ಕೆ ಮೊದಲು ಒಂದು ಸಲ ನೋಡಿ ಎಂದು ಡ್ರೈವರ್ ನಿನ್ನೆ ಬಂದು ಪುಟ್ಟಿಯ ಮುಂದೆ ನಿಂತಿದ್ದ. ಕೆನ್ನೆ ಒಳಗೆ ಹೋಗಿತ್ತು. ಕೇಸಿನ ಮಾತನ್ನೇ ಎತ್ತಲಿಲ್ಲ.

"ನಾನು ಪೆಡಲ್ ಒತ್ತಿದ್ನಾ ಇಲ್ವಾ, ಅದೊಂದು ನೋಡಿ ಹೇಳಿ ಮೇಡಂ. ಒತ್ತಿದೆ, ಗಾಡಿ ಹೋಗ್ಲಿಲ್ಲ ಅಂತ ನೆನಪು. ಆದ್ರೆ ಕನಸಲ್ಲೂ ಹೀಗೇ ಆಗುತ್ತಲ್ಲ? ಓಡ್ಬೇಕು ಅಂತೀವಿ, ಕಾಲೇ ಬರಲ್ಲ. ಎಲ್ಲರೂ ಹೇಳಿ ಹೇಳಿ ಈಗ ನನಗೇ ಯಾವುದು ಯಾವುದು ಅಂತ ಗೊತ್ತಾಗ್ತಿಲ್ಲ."

ಆಗಿನಿಂದ ರಾತ್ರಿ ಮಲಗುವುದಕ್ಕೇ ಹೆದರಿಕೆ ಎಂದೂ ಹೇಳಿದ್ದ. ಕಣ್ಣು ಮುಚ್ಚಿದರೆ ಸಾಕು, ಯಾರೋ ಹಿಂದಿನ ಸೀಟಿನಿಂದ ಭುಜ ತಟ್ಟಿ ಎಬ್ಬಿಸಿದ ಹಾಗಾಗುತ್ತದಂತೆ.

ಒಂದು ಚಿಕ್ಕ ಬ್ಯಾಟರಿ ಜೋಡಿಸಿ ಅವಳು ಮಾಡ್ಯೂಲುಗಳ ನೆನಪನ್ನು ಓದಿದಳು. ಮಾತು ನಿಂತ ಕ್ಷಣ ಅದರಲ್ಲಿ ದಾಖಲಾಗಿತ್ತು: ವೇಗ ಗಂಟೆಗೆ ಹನ್ನೊಂದು ಕಿಲೋಮೀಟರು, ಪೆಡಲ್ ಮುಕ್ಕಾಲಿಗಿಂತ ಹೆಚ್ಚು ಒತ್ತಿದೆ. ಲಾರಿ ಗುದ್ದಿದ್ದು ಅದಾದ ನಾಲ್ಕು ಸೆಕೆಂಡಿಗೆ. ಮಾವನಿಗೆ ತೋರಿಸಿದರೆ, ನಿದ್ದೆ ಹೋದವನ ಕಾಲೂ ಪೆಡಲಿನ ಮೇಲೆ ಭಾರ ಬಿಡುತ್ತದೆ, ಅದೇನು ಸಾಕ್ಷಿ ಎಂದ. ಅದೂ ನಿಜವೇ. ಮಾತು ಯಾಕೆ ನಿಂತಿತು ಎನ್ನುವುದು ಸಿಗದ ಹೊರತು ಆ ಸಂಖ್ಯೆಗಳನ್ನು ಯಾರೂ ಮೂಸಿಯೂ ನೋಡುವುದಿಲ್ಲ.

ಹಾಗಾಗಿ ಪುಟ್ಟಿ ಬಾನೆಟ್ಟಿನೊಳಗೆ ತಲೆ ತೂರಿಸಿ, ತಂತಿಯ ಕಟ್ಟನ್ನು ಬೆರಳಿನಲ್ಲಿ ಸವರುತ್ತಾ ಹೋದಳು. ಇಂಜಿನ್ನಿನ ಹಿಂದಿನ ಗೋಡೆ ದಾಟಿ ಒಂದು ಗೇಣು ಹೋಗುವಷ್ಟರಲ್ಲಿ ಬೆರಳಿಗೆ ಟೇಪು ಸಿಕ್ಕಿತು. ಟೇಪಿನ ತುದಿಯನ್ನು ಒಂದಿಷ್ಟು ಒಳಗೆ ಮಡಚಿ, ಮುಂದೆ ಬಿಚ್ಚುವವರಿಗೆ ಸುಲಭವಾಗಲಿ ಎಂದು ಕಿವಿ ಮಾಡಿ ಬಿಟ್ಟಿತ್ತು. ಆ ಊರಿನಲ್ಲಿ ಹಾಗೆ ಮಡಚುವವಳು ಅವಳೊಬ್ಬಳೇ. ಮುಂದಿನವನಿಗೂ ಒಂದು ಲೋಟ ಟೀ ಇಟ್ಟು ಬಾ ಎಂದು ಮಾವ ಅದಕ್ಕೆ ಎಷ್ಟು ಸಲ ಆಡಿಕೊಂಡಿರಲಿಲ್ಲ.

ಎಷ್ಟೋ ಗಾಡಿಗಳ ನಡುವೆ ಮರೆತೇಹೋಗಿದ್ದ ಆ ದಿನ ಅವಳಿಗೆ ನೆನಪಾಯಿತು. ಎರಡೂವರೆ ತಿಂಗಳ ಹಿಂದೆ ಇಲಿ ಕಡಿದ ತಂತಿ ಎಂದು ಇದೇ ಕಾರು ಬಂದಿತ್ತು. ಡ್ರೈವರ್ ಪಕ್ಕದಲ್ಲೇ ನಿಂತು, ಪಾಳಿಗೆ ಹೊತ್ತಾಯಿತು ಎಂದು ಕಾಲು ಬದಲಾಯಿಸುತ್ತಿದ್ದ. ಬೆಸುಗೆ ಹಾಕಲು ಜಾಗ ಬೇಕೆಂದು ಅವಳು ಎಳೆಗಳ ಹೆಣಿಗೆಯನ್ನು ಒಂದು ಗೇಣು ಬಿಚ್ಚಿದ್ದಳು. ಎರಡು ಬೆರಳಿಗಿಂತ ಜಾಸ್ತಿ ಬಿಚ್ಚಬಾರದು ಎಂದು ಉಳಿದವರಿಗೆಲ್ಲ ಪಾಠ ಹೇಳುವವಳು ಅವಳೇ. ಮತ್ತೆ ಹೆಣೆಯಲಿಲ್ಲ. ಹಳೆಯ ಕ್ಲಿಪ್ಪು ಮುರಿದಿತ್ತು. ಹೊಸದು ಹುಡುಕುವ ಬದಲು ಪಕ್ಕದಲ್ಲಿದ್ದ ಕಿತ್ತಳೆ ಬಣ್ಣದ ದಪ್ಪ ಕೇಬಲ್ಲಿಗೇ ಸೇರಿಸಿ ಕಟ್ಟಿದ್ದಳು. ಬ್ಯಾಟರಿಯಿಂದ ಮೋಟರಿಗೆ ಕರೆಂಟು ಹೋಗುವ ಕೇಬಲ್ಲು ಅದು. ಎಳೆಗಳು ಒಂದನ್ನೊಂದು ಸುತ್ತಿಕೊಂಡಿದ್ದರೆ ಅದರ ಗದ್ದಲ ಅವುಗಳಿಗೆ ತಾಗುವುದಿಲ್ಲ. ಬಿಚ್ಚಿಕೊಂಡಿದ್ದರೆ, ಪೆಡಲನ್ನು ಜೋರಾಗಿ ಒತ್ತಿದ ಯಾವುದೋ ಒಂದು ಸಲ ಆ ಗದ್ದಲದಲ್ಲಿ ಮಾಡ್ಯೂಲುಗಳಿಗೆ ಒಂದರ ಮಾತು ಒಂದಕ್ಕೆ ಕೇಳಿಸುವುದಿಲ್ಲ. ಪರೀಕ್ಷೆಗೆಂದು ಅವಳು ಗ್ಯಾರೇಜಿನ ಹಿಂದಿನ ಓಣಿಯಲ್ಲಿ ಎರಡು ಸುತ್ತು ಓಡಿಸಿದ್ದಳು, ಅಷ್ಟೇ. ಆ ಓಣಿಯಲ್ಲಿ ಪೆಡಲನ್ನು ಜೋರಾಗಿ ಒತ್ತುವುದಕ್ಕೆ ಆಗುತ್ತಲೂ ಇರಲಿಲ್ಲ.

ಬಾನೆಟ್ಟಿನಿಂದ ತಲೆ ಹೊರತೆಗೆಯಲು ಅವಳಿಗೆ ಧೈರ್ಯ ಬರಲಿಲ್ಲ. ತಾನು ಒಬ್ಬ ಮುದುಕಿಯನ್ನು ಕೊಂದಿದ್ದೇನೆ ಎನ್ನುವುದನ್ನು ಮನಸ್ಸಿನಲ್ಲೇ ಪೂರ್ತಿ ವಾಕ್ಯವಾಗಿ ಹೇಳಿಕೊಂಡಳು.

ಅಷ್ಟು ಹೊತ್ತು ಸದ್ದಿಲ್ಲದ್ದನ್ನು ಗಮನಿಸಿ ಮಾವ ಬಂದ. ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದ. ಟೇಪು ನೋಡಿದ, ಕಿತ್ತಳೆ ಕೇಬಲ್ಲು ನೋಡಿದ. ಅವನಿಗೆ ವಿವರಿಸಿ ಹೇಳುವುದು ಬೇಕಿರಲಿಲ್ಲ. ತಂತಿ ಹೆಣೆಯುವುದನ್ನು ಅವಳಿಗೆ ಕಲಿಸಿದವನೇ ಅವನು. ಗಂಡ ಕೈಬಿಟ್ಟು, ಅವಳು ಮಗುವನ್ನೆತ್ತಿಕೊಂಡು ಬಂದಾಗ, ನೆಂಟರೆಲ್ಲ ಅಯ್ಯೋ ಪಾಪ ಎನ್ನುತ್ತಾ ಕೂತಿದ್ದರೆ, ಕೈಗೆ ಸ್ಪ್ಯಾನರ್ ಕೊಟ್ಟು ನಾಳೆಯಿಂದ ಬಾ ಎಂದವನು ಅವನೊಬ್ಬನೇ.

"ಹತ್ತು ನಿಮಿಷದ ಕೆಲಸ ಪುಟ್ಟಿ" ಎಂದ, ಮೆಲ್ಲಗೆ. "ಬಿಚ್ಚಿ ಮತ್ತೆ ಹೆಣೆದು, ಗೋಡೆ ಕಡೆ ಕಟ್ಟಿಬಿಡು."

"ಅವರಿಗೆ ಏನು ಹೇಳ್ಲಿ ಮಾವ?"

"ಗೊತ್ತಾಗ್ಲಿಲ್ಲ ಅನ್ನು. ಎಷ್ಟೋ ಗಾಡೀಲಿ ನಮಗೆ ಗೊತ್ತಾಗಲ್ಲ."

ಆಮೇಲೆ ಉಳಿದದ್ದನ್ನೂ ಹೇಳಿದ. ಗ್ಯಾರೇಜು ಮುಚ್ಚಿದರೆ ಒಂಬತ್ತು ಮನೆಯ ಒಲೆ ಆರುತ್ತದೆ. ಅವಳು ಜೈಲಿಗೆ ಹೋದರೆ ಮಗಳನ್ನು ನೋಡಿಕೊಳ್ಳುವವರು ಯಾರು? ಹೋದವರಂತೂ ವಾಪಸು ಬರುವುದಿಲ್ಲ. ಹೇಳುವಾಗ ಅವಳ ಮುಖ ನೋಡಲಿಲ್ಲ, ಕಣ್ಣೆಲ್ಲ ತಂತಿಯ ಮೇಲೇ ಇತ್ತು. ಪುಟ್ಟಿ ಕಟ್ಟರ್ ಕೈಗೆತ್ತಿಕೊಂಡಳು. ಮಾವ ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಕಿತ್ತಳೆ ಕೇಬಲ್ಲಿಗೆ ಬಿಗಿದ ಪ್ಲಾಸ್ಟಿಕ್ ಪಟ್ಟಿಗೆ ಕಟ್ಟರಿನ ಬಾಯಿ ತಾಗಿಸಿದ್ದಳು, ಅಷ್ಟರಲ್ಲಿ ಷಟರಿನ ಹತ್ತಿರ ಯಾರೋ "ಮೇಡಂ" ಎಂದರು.

ಡ್ರೈವರ್, ಅವನ ಹೆಂಡತಿ ಇಬ್ಬರೂ ಬಂದಿದ್ದರು. ತೀರಿಕೊಂಡ ತಾಯಿಯ ಚೀಲ ಕಾರಿನ ಸೀಟಿನ ಅಡಿಯಲ್ಲಿ ಸಿಕ್ಕಿಹಾಕಿಕೊಂಡಿತ್ತು. ಬೆಳಗ್ಗೆ ಪುಟ್ಟಿಯೇ ಅದನ್ನು ಎಳೆದು ತೆಗೆದು, ಧೂಳು ಒರೆಸಿ, ಬಂದು ತೆಗೆದುಕೊಂಡು ಹೋಗಿ ಎಂದು ಫೋನ್ ಮಾಡಿಸಿದ್ದಳು. ಕಾರು ಗಂಡನ ಹೆಸರಿನಲ್ಲಿದ್ದುದರಿಂದ ಸಹಿ ಅವನದೇ ಬೇಕು, ಇಲ್ಲದಿದ್ದರೆ ಇಬ್ಬರೂ ಒಟ್ಟಿಗೆ ಬರುತ್ತಿರಲಿಲ್ಲ. ಹೆಂಡತಿ ಬೆಂಚಿನ ಈಚೆ ನಿಂತಳು, ಗಂಡ ಆಚೆ ನಿಂತ.

"ಸಹಿ ಆಯ್ತಾ ಕೇಳಿ ಅವರನ್ನ" ಎಂದಳು ಅವಳು, ಪುಟ್ಟಿಗೆ.

"ಆಯ್ತು ಅಂತ ಹೇಳಿ" ಎಂದ ಅವನು, ಪುಟ್ಟಿಗೇ.

ನಡುವೆ ಎರಡು ಮಾರು ದೂರವೂ ಇರಲಿಲ್ಲ. ಪುಟ್ಟಿ "ಆಯ್ತಂತೆ" ಎಂದಳು.

ಹೆಂಡತಿ ಚೀಲದೊಳಗೆ ಕೈ ಹಾಕಿ ಒಂದೊಂದೇ ಬೆಂಚಿನ ಮೇಲಿಟ್ಟಳು. ಆಸ್ಪತ್ರೆಯ ಚೀಟಿ, ಆಪರೇಷನ್ ಆದವರಿಗೆ ಕೊಡುವ ಕಪ್ಪು ಕನ್ನಡಕ, ಕಣ್ಣಿಗೆ ಹಾಕುವ ಹನಿಯ ಸೀಸೆ. ಸೀಸೆಯ ಸೀಲು ಒಡೆದಿರಲಿಲ್ಲ. ದಿನಕ್ಕೆ ಮೂರು ಸಲ ಹಾಕಬೇಕು ಎಂದು ಚೀಟಿಯಲ್ಲಿ ಬರೆದದ್ದನ್ನು ಎರಡು ಸಲ ಓದಿದಳು. ಆಮೇಲೆ ತಲೆಯೆತ್ತಿದಳು.

"ನೀವು ಗಾಡಿ ನೋಡಿದ್ರಂತಲ್ಲ. ಇವರು ನಿದ್ದೆ ಮಾಡಿದ್ರು ತಾನೆ? ಹೌದು ಅಂತ ನೀವೊಬ್ಬರು ಹೇಳಿಬಿಡಿ, ನಾನು ನಮ್ಮ ಅಣ್ಣನ ಮನೆಗೆ ಹೋಗಿಬಿಡ್ತೀನಿ."

ಗಂಡನೂ ಉತ್ತರಕ್ಕೆ ಕಾಯುತ್ತಿದ್ದ. ಮಾವ ಎರಡು ಸಲ ಕೆಮ್ಮಿದ. ಕಟ್ಟರ್ ಇನ್ನೂ ಪುಟ್ಟಿಯ ಕೈಯಲ್ಲೇ ಇತ್ತು; ಅದನ್ನು ಬೆಂಚಿನ ಮೇಲಿಟ್ಟಳು.

"ಇಲ್ಲ" ಎಂದಳು. "ಅವರು ಪೆಡಲ್ ಒತ್ತಿದ್ದಾರೆ. ಗಾಡಿ ಕೇಳಿಲ್ಲ. ಕೇಳದ ಹಾಗೆ ಮಾಡಿದ್ದು ನಾನು."

ಇಬ್ಬರನ್ನೂ ಕರೆದುಕೊಂಡು ಹೋಗಿ, ಟಾರ್ಚು ಬಿಟ್ಟು, ಬಿಚ್ಚಿಕೊಂಡ ಎಳೆಗಳನ್ನೂ ಪಕ್ಕದ ಕೇಬಲ್ಲನ್ನೂ ತೋರಿಸಿದಳು. ದೊಡ್ಡ ಮಾತು ಯಾವುದನ್ನೂ ಆಡಲಿಲ್ಲ. ಎಲ್ಲಿ ಬಿಚ್ಚಿದೆ, ಎಲ್ಲಿ ಕಟ್ಟಿದೆ, ಯಾಕೆ ಕಟ್ಟಬಾರದಿತ್ತು, ಯಾವ ರಸ್ತೆಯಲ್ಲಿ ಓಡಿಸಿ ನೋಡಬೇಕಿತ್ತು, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದಳು. ಹೆಂಡತಿ ಬಗ್ಗಿ, ಹೆಬ್ಬೆರಳು ಕಿರುಬೆರಳು ಅಗಲಿಸಿ ಆ ಜಾಗವನ್ನು ಗಾಳಿಯಲ್ಲೇ ಅಳೆದಳು.

"ಇಷ್ಟೇನಾ?"

"ಇಷ್ಟೇ."

ಗೇಣು ಮಾಡಿದ ಕೈ ಹಾಗೇ ಉಳಿಯಿತು.

"ಹಾಗಾದ್ರೆ ನಾನು ಎಚ್ಚರವಾಗೇ ಇದ್ದೆ" ಎಂದ ಡ್ರೈವರ್. ಯಾರಿಗೆ ಹೇಳಿದನೋ. ಇನ್ನೊಂದು ಸಲವೂ ಹೇಳಿದ, ಈ ಸಲ ಹೆಂಡತಿಯ ಕಡೆ ತಿರುಗಿ. ಅವಳು ಅವನನ್ನು ನೋಡಲಿಲ್ಲ.

"ಇದನ್ನೆಲ್ಲ ಬರೆದುಕೊಡಿ" ಎಂದಳು ಪುಟ್ಟಿಗೆ. "ಈಗಲೇ ಕೊಡಿ. ಬರೆದಾದ ಮೇಲೆ ನಿಮ್ಮ ಮುಖ ನನಗೆ ತೋರಿಸ್ಬೇಡಿ."

ಮಾವ ಆಫೀಸಿನೊಳಗೆ ಹೋಗಿ, ಮೇಜಿನ ಮುಂದೆ ಕೂತು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಪುಟ್ಟಿ ಎದುರಿನ ಕುರ್ಚಿಯಲ್ಲಿ ಕೂತು ಬರೆದಳು. ಎದ್ದುಹೋಗಿ ತಂತಿಯ ಫೋಟೋ ತೆಗೆದಳು, ಅಳತೆಪಟ್ಟಿ ಇಟ್ಟು ಇನ್ನೊಂದು ತೆಗೆದಳು, ದಾಖಲೆಗಳನ್ನು ಪ್ರಿಂಟ್ ಹಾಕಿದಳು. ಈ ಹಿಂದೆ ರಿಪೇರಿ ಮಾಡಿದವರು ಎನ್ನುವ ಜಾಗದಲ್ಲಿ ತನ್ನ ಪೂರ್ತಿ ಹೆಸರು ಬರೆದಳು, ಆ ಗ್ಯಾರೇಜಿನಲ್ಲಿ ಯಾರೂ ಕರೆಯದ ಹೆಸರು. ಮಾವ ತಡೆಯಲಿಲ್ಲ. ಒಂದು ಸಲ ಮಾತ್ರ, ಮಗಳು ಸ್ಕೂಲಿಂದ ಎಷ್ಟು ಗಂಟೆಗೆ ಬರ್ತಾಳೆ ಎಂದು ಕೇಳಿದ. ನಾಲ್ಕೂವರೆಗೆ ಎಂದಳು. ನಾನು ಹೋಗಿ ಕರ್ಕೊಂಡು ಬರ್ತೀನಿ ಎಂದ.

ಕಾಗದ ಹಿಡಿದು ಹೊರಗೆ ಬಂದಾಗ ಡ್ರೈವರ್ ಗ್ರೀಸು ಮೆತ್ತಿದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ತಲೆ ಹಿಂದಕ್ಕೆ ಗೋಡೆಗೆ ಒರಗಿ, ಬಾಯಿ ತೆರೆದು, ಸತ್ತಂತೆ ನಿದ್ದೆ ಹೋಗಿದ್ದ. ಆಚೆ ಯಾರೋ ಚಕ್ರದ ಮೇಲೆ ಸುತ್ತಿಗೆ ಬಡಿಯುತ್ತಿದ್ದರೂ ಅವನಿಗೆ ಕೇಳಿಸುತ್ತಿರಲಿಲ್ಲ. ಚಾವಣಿಯ ಬಿರುಕಿನಿಂದ ಬಿಸಿಲು ಅವನ ಮುಖಕ್ಕೇ ಬೀಳುವಂತಿತ್ತು. ಬೀಳದ ಹಾಗೆ ಹೆಂಡತಿ ಅಡ್ಡ ನಿಂತಿದ್ದಳು, ಕೈಯಲ್ಲಿ ತಾಯಿಯ ಕಪ್ಪು ಕನ್ನಡಕ.

ಪುಟ್ಟಿ ಹತ್ತಿರ ಹೋಗಲಿಲ್ಲ. ಕಾಗದಗಳನ್ನು ಬೆಂಚಿನ ಮೇಲಿಟ್ಟು, ಹಾರಿಹೋಗದಂತೆ ಮೇಲೊಂದು ಸ್ಪ್ಯಾನರ್ ಇಟ್ಟಳು. ಕಂಪ್ರೆಸರಿನ ಮುಳ್ಳು ಕೆಳಗಿಳಿಯುತ್ತಾ, ಅದು ತಾನೇ ಅರಚತೊಡಗುವ ಕೆಂಪು ಗೆರೆಯ ಹತ್ತಿರಕ್ಕೆ ಬಂದಿತ್ತು. ಅವಳು ಗೋಡೆಯ ಪಕ್ಕದಲ್ಲೇ ಸದ್ದಾಗದಂತೆ ನಡೆದುಹೋಗಿ ಅದರ ಸ್ವಿಚ್ ಆರಿಸಿದಳು.