ಪುಟ್ಟತ್ತೆಯ ಚರ್ಮದ ಅಳತೆ

ಮನೆಯಲ್ಲಿ ಅವಳಿಗೆ ಇಟ್ಟ ಹೆಸರು ಮೂಳೆ ಮೇಡಂ. ಲಕ್ಷಾಂತರ ವರ್ಷಗಳ ಹಿಂದೆ ಎರಡು ಕಾಲ ಮೇಲೆ ಓಡಾಡಿದ್ದ ಒಬ್ಬ ಪೂರ್ವಜೆಯ ಮೂಳೆಗಳ ಜೊತೆಯೇ ಅವಳ ಸಂಶೋಧನೆ, ಅವಳ ಸಂಸಾರ. ಮೂಳೆಯೇನೋ ಉಳಿದಿತ್ತು, ಚರ್ಮ ಯಾವತ್ತೋ ಮಣ್ಣುಪಾಲಾಗಿತ್ತು. ಈಗ ಬೇಕಾಗಿದ್ದು ಆ ಚರ್ಮದ ಲೆಕ್ಕ. ಆ ಹೆಂಗಸಿನ ಮೈಮೇಲೆ ಒಟ್ಟು ಎಷ್ಟು ಚರ್ಮವಿತ್ತು ಎಂದು ಗೊತ್ತಾದರೆ, ಬಿಸಿಲಿಗೆ ಎಷ್ಟು ಬೆವರಿದಳು, ಚಳಿಗೆ ಎಷ್ಟು ನಡುಗಿದಳು ಎಂದು ಅಂದಾಜು ಮಾಡಬಹುದು.

ಎತ್ತರ, ತೂಕ ಕೊಟ್ಟರೆ ಚರ್ಮದ ಅಳತೆ ಹೇಳುವ ಸೂತ್ರವಿದೆ. ಆದರೆ ಅದು ಈಗಿನ ಜನರನ್ನು ಅಳೆದು ಮಾಡಿದ್ದು. ಪೂರ್ವಜೆಯೋ ಬರೀ ಮೂರೂವರೆ ಅಡಿ. ಅಷ್ಟು ಪುಟ್ಟ ಮೈಗೆ ಈ ಸೂತ್ರ ಒಗ್ಗುತ್ತದೆಯೇ ಎಂಬ ಪ್ರಶ್ನೆ ಮೂಳೆ ಮೇಡಂ ತಲೆ ತಿನ್ನುತ್ತಿತ್ತು. ಅಳೆಯಲು ಅಂಥ ಪುಟ್ಟ ಹೆಂಗಸನ್ನು ಎಲ್ಲಿಂದ ತರುವುದು ಎಂದು ಯೋಚಿಸುತ್ತಿದ್ದವಳ ಕಣ್ಣಿಗೆ, ಎರಡು ಸ್ವೆಟರ್ ತೊಟ್ಟು ಸೋಫಾದ ಮೂಲೆಯಲ್ಲಿ ಮುದುರಿ ಕೂತಿದ್ದ ಪುಟ್ಟತ್ತೆ ಬಿದ್ದಳು.

ಪುಟ್ಟತ್ತೆ ಎಂದರೆ ಅಪ್ಪನ ಅಕ್ಕ. ನಾಲ್ಕಡಿ ದಾಟಿದ್ದೇ ಹೆಚ್ಚು. ವರ್ಷವಿಡೀ ಚಳಿ ಚಳಿ ಅನ್ನುವವಳು. ಅಪ್ಪ ಭಾರೀ ಆಳು. ಕಿಟಕಿ ತೆಗೆಯದಿದ್ದರೆ ಉಸಿರು ಕಟ್ಟುತ್ತದೆ. "ಅಕ್ಕಂದು ಬರೀ ನಾಟಕ" ಅನ್ನುವುದು ಅಪ್ಪನ ಹಳೇ ರಾಗ. ಶಾಲೆಯಲ್ಲಿ, ಕೆಲಸ ಮಾಡಿದ ಅಂಚೆ ಕಚೇರಿಯಲ್ಲಿ, ಎಲ್ಲೆಡೆ ಅದೇ ಮಾತು ಕೇಳಿ ಕೇಳಿ, ತನ್ನ ಚಳಿ ನಿಜವೋ ಸುಳ್ಳೋ ಎಂದು ಪುಟ್ಟತ್ತೆಗೇ ಅನುಮಾನ ಬಂದುಬಿಟ್ಟಿತ್ತು. ಅದು ಚಳಿಗಿಂತ ಕೆಟ್ಟದ್ದು.

"ಮೈಗೆಲ್ಲಾ ಕಾಗದ ಅಂಟಿಸ್ತೀನಿ ಅತ್ತೆ. ಒಣಗಿದ ಮೇಲೆ ಕತ್ತರಿಸಿ ತೆಗೀತೀನಿ. ಎಷ್ಟು ಕಾಗದ ಹಿಡೀತೋ ಅಷ್ಟು ನಿನ್ನ ಚರ್ಮ."

"ನನ್ನ ಲೆಕ್ಕ ನಂಬಬೇಡ ಕಣೇ. ನಂದು ನಾಟಕ ಅಂತೆ."

"ಕಾಗದಕ್ಕೆ ನಾಟಕ ಗೊತ್ತಾಗಲ್ಲ. ಹೋಲಿಸೋಕೆ ಅಪ್ಪನ್ನೂ ಅಳೀತೀನಿ."

ಭಾನುವಾರ ಬೆಳಿಗ್ಗೆ ಒಂದು ಬಕೆಟ್ ಮೈದಾ ಗಂಜಿ, ಒಂದು ರಾಶಿ ಹಳೇ ಪತ್ರಿಕೆ. ಮೈಗೆ ಅಂಟುವ ತೆಳು ಬಟ್ಟೆ ತೊಡಿಸಿ, ಎಡಗಡೆ ಅರ್ಧಕ್ಕೆ ಮಾತ್ರ ಅಂಟಿಸುವುದು, ಬಂದದ್ದನ್ನು ಎರಡರಿಂದ ಗುಣಿಸುವುದು. ಹೀಟರ್ ಮುಂದೆ ಪುಟ್ಟತ್ತೆಯ ಸರದಿ ಬೇಗ ಮುಗಿಯಿತು. ಅಪ್ಪ ಎಂದಿನಂತೆ ಕಿಟಕಿ ತೆಗೆದಿಟ್ಟು ಸ್ಟೂಲಿನ ಮೇಲೆ ಜಂಬದಿಂದ ಕೂತ. ಒದ್ದೆ ಕಾಗದಕ್ಕೆ ಗಾಳಿ ಬಡಿದದ್ದೇ ತಡ, ಜಂಬ ಇಳಿಯಿತು.

"ಆ ಕಿಟಕಿ ಸ್ವಲ್ಪ ಮುಚ್ಚು," ಅಂದ.

"ನಾಟಕ," ಅಂದಳು ಪುಟ್ಟತ್ತೆ, ಕೈಯಲ್ಲಿದ್ದ ಹೆಣಿಗೆಯಿಂದ ತಲೆ ಎತ್ತದೆ.

ಮಧ್ಯಾಹ್ನ ಕಿಟಕಿ ಮತ್ತೆ ತೆರೆದುಕೊಂಡಿತು. ಒಣಗಿದ ತುಂಡುಗಳನ್ನು ನೆಲದ ಮೇಲೆ ಚಪ್ಪಟೆಯಾಗಿ ಹರಡಿ ಅಳೆದದ್ದಾಯಿತು. ಪುಟ್ಟತ್ತೆಯ ಪಾಲು ಅಪ್ಪನದರ ಅರ್ಧದಷ್ಟು. "ಇಷ್ಟೇನಾ ನಾನು?" ಎಂದು ಅವಳ ಮುಖ ಸಪ್ಪಗಾಯಿತು.

"ಇರು, ಇನ್ನೂ ತೂಕದಿಂದ ಭಾಗಿಸಿಲ್ಲ," ಎಂದಳು ಮೂಳೆ ಮೇಡಂ. ಸೂತ್ರ ಹೇಳಿದ್ದಕ್ಕಿಂತ ಪುಟ್ಟತ್ತೆಯ ಕಾಗದ ತುಸು ಹೆಚ್ಚೇ ಬಂದಿತ್ತು. ಸೂತ್ರದ ಮೇಲೆ ತಾನು ಅನುಮಾನ ಪಟ್ಟದ್ದು ಸರಿಯಾಯಿತು ಎಂದು ಮೇಡಂಗೆ ಖುಷಿ. ಭಾಗಿಸಿದ ಮೇಲೆ ಮಾತ್ರ ಪೂರ್ವಜೆ ಮರೆತೇಹೋದಳು.

"ಅತ್ತೆ, ಮೈ ಬಿಸಿ ಹೊರಗೆ ಹೋಗೋದು ಚರ್ಮದಿಂದ. ಒಂದೊಂದು ಕಿಲೋ ಮೈಗೆ ನಿನಗೆ ಅಪ್ಪನ ಒಂದೂವರೆ ಪಟ್ಟು ಚರ್ಮ ಇದೆ. ನಿನಗೆ ಚಳಿ ಆಗೋದು ನಿಜ."

ಪುಟ್ಟತ್ತೆ ತನ್ನ ಕೈಯ ಆಕಾರದ ಕಾಗದವನ್ನು ನೆಲದಿಂದ ಎತ್ತಿಕೊಂಡಳು. ಅಪ್ಪ ಕೆಮ್ಮಿದ.

"ಆ ನಿನ್ನ ಮೂಳೆ ಹೆಂಗಸಿಗೂ ಹೀಗೇ ಆಗ್ತಿತ್ತಾ?" ಎಂದು ಕೇಳಿದಳು ಪುಟ್ಟತ್ತೆ.

"ಆಗಿರಬಹುದು. ಮೈತುಂಬ ಕೂದಲಿತ್ತೋ ಇಲ್ವೋ, ಅದು ಗೊತ್ತಿಲ್ಲ."

"ಅವಳ ಜೊತೆಯವರು ಎಷ್ಟೆತ್ತರ ಇದ್ರು?"

"ಹೆಚ್ಚುಕಮ್ಮಿ ಎಲ್ಲರೂ ಕುಳ್ಳರೇ."

"ಪುಣ್ಯವಂತೆ," ಅಂದಳು ಪುಟ್ಟತ್ತೆ. "ಚಳಿ ಅಂದ್ರೆ ನಾಟಕ ಅನ್ನೋರು ಯಾರೂ ಇರಲಿಲ್ಲ."

ಅಪ್ಪ ಎದ್ದ. ಕಿವಿಯ ಹಿಂದೆ ಇನ್ನೂ ಒಂದು ಚೂರು ಪತ್ರಿಕೆ ಅಂಟಿಕೊಂಡಿತ್ತು. ಕಿಟಕಿ ಮುಚ್ಚಿ, ಚಿಲಕ ಹಾಕಿ, ಅಕ್ಕನ ಪಕ್ಕದಲ್ಲೇ ಬಂದು ಕೂತು, ಹಣೆಯ ಬೆವರು ಒರೆಸಿಕೊಂಡ.