ಇಲ್ಲಿ ಮೂರು, ಅಲ್ಲಿ ಏಳು

ಎರಡರವರೆಗೆ ನೆಟ್ಟಗೇ ಹೋಯಿತು ಟೆಸ್ಟರಿನ ದೀಪ, ಎಂಟು ತಂತಿಗೆ ಎಂಟು ದೀಪ, ಕೇಬಲ್ಲಿನ ಈ ತುದಿಯಲ್ಲಿ ಒಂದು ಹೊತ್ತಿದರೆ ಆ ತುದಿಯಲ್ಲೂ ಒಂದು, ಎರಡಕ್ಕೆ ಎರಡು, ಆಮೇಲೆ ನೋಡು — ಇಲ್ಲಿ ಮೂರು, ಅಲ್ಲಿ ಏಳು. ಆ ತುದಿ ಕಟ್ಟಿದವಳು ಭುವನೇಶ್ವರಿ, ಈ ತುದಿ ನನ್ನದು, ಅಂದರೆ ಪಾಠ ಹೇಳುವ ಅರ್ಷದ್ ಸರ್ ಅವರದು, ತಪ್ಪು ಯಾರದೆಂದು ಹುಡುಗರಿಗೆ ಇನ್ನೂ ಗೊತ್ತಿಲ್ಲ, ನನಗೆ ಗೊತ್ತು, ಹಸಿರು ತಂತಿಗಳ ಜೋಡಿ ಕೂರಬೇಕಾದಲ್ಲಿ ಕಂದು ಜೋಡಿ ಕೂತಿದೆ, ಎರಡೂ ನನ್ನ ಕಣ್ಣಿಗೆ ಒಂದೇ ಮಣ್ಣು, ಹುಟ್ಟಿದಾಗಿನಿಂದ. ಅದೂ ಬಣ್ಣ ಹಾಕುವವರ ಮನೆಯಲ್ಲಿ ಹುಟ್ಟಿ — ಇಳಕಲ್ಲಿನಲ್ಲಿ ನಮ್ಮ ಅಬ್ಬಾ ನೂಲು ಅದ್ದುತ್ತಿದ್ದರು, ಹನ್ನೆರಡು ವರ್ಷದ ನಾನು ಹಸಿರು ನೂಲಿನ ಲಡಿಗಳ ನಡುವೆ ಕಂದು ಲಡಿ ಸೇರಿಸಿ ನೇಕಾರರಿಗೆ ಕೊಟ್ಟು ಬಂದೆ, ಅಬ್ಬಾ ಬೈಯಲಿಲ್ಲ, ನೀ ಸಾಲಿ ಕಲಿಯಪಾ, ಇದು ನಿನ್ನ ಕೈಲಿಂದ ಆಗೂದಲ್ಲ ಅಂದರು, ಅಷ್ಟೇ, ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಅದಕ್ಕೇ ಒಂಬತ್ತು ವರ್ಷ ಈ ಹುನಗುಂದದ ಕಾಲೇಜಿನಲ್ಲಿ ನೆಟ್‌ವರ್ಕಿಂಗನ್ನು ಬೋರ್ಡಿನ ಮೇಲೇ ಕಲಿಸಿದ್ದು, ಚಾಕ್‌ಪೀಸಿಗೆ ಒಂದೇ ಬಣ್ಣ, ಭಾರೀ ಜಾಣ ನಾನು. ಈ ವರ್ಷ ಹುಡುಗರೇ ಬಿಡಲಿಲ್ಲ, ಲೈಬ್ರರಿಯ ನಾಕೂ ಕಂಪ್ಯೂಟರ್ ನಾವ ಜೋಡಸ್ತೇವ್ರಿ ಸರ, ಮೊದಲನೇ ಕೇಬಲ್ ನೀವ ಮಾಡಿ ತೋರಸ್ರಿ. ತೋರಿಸಿದೆನಲ್ಲ.

ತಂತಿಯೇ ಖರಾಬು ಅಂದುಬಿಡಬಹುದು, ಎಲ್ಲವನ್ನೂ ಕಪಾಟಿಗೆ ತುಂಬಿ ಕೀಲಿ ಹಾಕಬಹುದು, ನಾಳೆಯಿಂದ ಮತ್ತೆ ಬೋರ್ಡು, ಮತ್ತೆ ಈ ಹುಡುಗರ ಕೈಗಳು ಬರೀ ನೋಟ್ಸ್ ಬರೆಯುತ್ತವೆ — ಇಲ್ಲಿ ಮೂರು, ಅಲ್ಲಿ ಏಳು, ದೀಪ ಸುತ್ತುತ್ತಲೇ ಇದೆ. ನನ್ನ ತುದಿ ತಪ್ಪೈತಿ, ನನಗ ಹಸಿರು, ಕಂದು ಎರಡೂ ಒಂದ ಕಾಣ್ತಾವು, ಅಂದೇಬಿಟ್ಟೆ, ಯಾರಾದರೂ ನಗಲಿ, ಯಾರೂ ನಗುತ್ತಿಲ್ಲ. ಭುವನೇಶ್ವರಿ ನೇಕಾರರ ಮನೆಯ ಹುಡುಗಿ, ಕೇಬಲ್ಲಿನ ಸಿಪ್ಪೆ ಸುಲಿದು ಎರಡು ಜೋಡಿ ತಂತಿಗಳನ್ನು ನನ್ನ ಬೆರಳಿಗೆ ಕೊಡುತ್ತಾಳೆ, ಕಣ್ಣ ಮುಚ್ಚರಿ ಸರ, ಹುರಿ ನೋಡ್ರಿ, ಹಸಿರು ಬಿಗಿ ಹೊಸೆದಾರ, ಕಂದು ಸಡ್ಲ ಐತಿ. ಮುಚ್ಚಿದೆ. ಖರೆ, ಒಂದು ಬಿಗಿ, ಒಂದು ಸಡಿಲ, ಇಷ್ಟು ವರ್ಷ ಪುಸ್ತಕದಲ್ಲಿ ಓದಿ ಹೇಳಿದ್ದೇ ಇದು, ಮುಟ್ಟಿ ನೋಡಿರಲಿಲ್ಲ ಮಾರಾಯ, ನೋಡಿ ಅಬ್ಬಾ, ನನ್ನ ಕೈಲಿಂದ ಆಗುತ್ತದೆ. ನನ್ನ ತುದಿ ಕತ್ತರಿಸಿ ಮತ್ತೆ ಕಟ್ಟಿದೆ, ಹುಡುಗರು ಮೈಮೇಲೇ ಬಿದ್ದಿದ್ದಾರೆ, ಒಂದಕ್ಕೆ ಒಂದು, ಎರಡಕ್ಕೆ ಎರಡು, ಹಸಿರು ದೀಪವಂತೆ ಅದು, ಇರಲಿ — ಇಲ್ಲಿ ಮೂರು, ಅಲ್ಲಿ ಮೂರು, ಎಂಟರವರೆಗೆ ಹೋಗಿ ಮತ್ತೆ ಬರುತ್ತದೆ, ಇಲ್ಲಿ ಮೂರು, ಅಲ್ಲಿ ಮೂರು